‘ಗಾಡಿ ಮಾರಿಬಿಟ್ರಾ ಸಾರ್?’: ದಿನಾ ಸೈಕಲ್ ತುಳಿಯೋದು ಮಜಾನೋ, ರಾಜಕೀಯನೋ

ಎರಡು ವರ್ಷದ ಹಿಂದೆ ನಾನು ಆಫೀಸಿಗೆ ಸೈಕಲ್‌ನಲ್ಲಿ ಹೋಗಲು ಶುರು ಮಾಡಿದೆ. ಬೆಂಗಳೂರಿನ ದಕ್ಷಿಣದ ಕಡೆ, ಮನೆಯಿಂದ ಆಫೀಸಿಗೆ ಏಳು ಕಿಲೋಮೀಟರ್. ಮೊದಲ ವಾರದಲ್ಲೇ ಮೂರು ಪ್ರಶ್ನೆ ಬಂದವು. ಎದುರು ಮನೆಯವರು ಗೇಟ್ ಹತ್ತಿರ ನಿಂತು, ‘ಗಾಡಿ ಮಾರಿಬಿಟ್ರಾ ಸಾರ್?’ ಅಂದರು. ಚಿಕ್ಕಮ್ಮ ಫೋನಿನಲ್ಲಿ ದನಿ ತಗ್ಗಿಸಿ, ‘ಷುಗರ್ ಏನಾದ್ರೂ ಬಂತೇನೋ? ಡಾಕ್ಟರ್ ಹೇಳಿದ್ರಾ?’ ಅಂತ ಕೇಳಿದರು. ಆಫೀಸಿನ ಗೆಳೆಯ ಹೆಲ್ಮೆಟ್ ನೋಡಿ, ‘ಏನಪ್ಪಾ, ಪೆಟ್ರೋಲ್ ರೇಟಿಗೆ ಪ್ರತಿಭಟನೆನಾ?’ ಅಂದ.

ಅಂದರೆ ದುಡ್ಡಿಲ್ಲ, ಇಲ್ಲಾ ಕಾಯಿಲೆ, ಅದೂ ಅಲ್ಲದಿದ್ದರೆ ಹೋರಾಟ. ‘ಮಜಾ ಬರುತ್ತಾ?’ ಅಂತ ಕೇಳಿದವರು ಒಬ್ಬರೂ ಇಲ್ಲ.

ಈಗ ಪರಿಚಯದವರಲ್ಲಿ ಸೈಕಲ್ ಕೊಳ್ಳೋ ಮಾತು ಮತ್ತೆ ಶುರುವಾಗಿದೆ. ಟ್ರಾಫಿಕ್ ಒಂದು ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಇಳಿದದ್ದು ಇನ್ನೊಂದು. ಜೊತೆಗೇ ಒಂದು ಜಗಳವೂ ಬರುತ್ತೆ. ಸೈಕಲ್ ತುಳಿಯೋದೇ ಒಂದು ರಾಜಕೀಯ ನಿಲುವು ಅಂತ ಕೆಲವರು. ಅಯ್ಯೋ ಅದೆಲ್ಲ ಏನಿಲ್ಲ, ಗಾಳಿಗೆ ಮುಖ ಕೊಟ್ಟು ಸುಮ್ನೆ ತುಳೀರಿ ಅಂತ ಇನ್ನು ಕೆಲವರು. ಇಬ್ಬರೂ ಏನು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ ಅಂತ ಬುಡದಿಂದ ನೋಡೋಣ.

ಮೊದಲು ‘ರಾಜಕೀಯ’ ಅನ್ನೋ ಪದ

ರಾಜಕೀಯ ಅಂದ ಕೂಡಲೇ ನಮಗೆ ಪಕ್ಷ, ಬಾವುಟ, ಮೈಕು ನೆನಪಾಗುತ್ತವೆ. ಆ ಅರ್ಥದಲ್ಲಿ ಸೈಕಲ್ ರಾಜಕೀಯದ ಒಳಗೇ ಇದೆ. ಉತ್ತರ ಪ್ರದೇಶದ ಸಮಾಜವಾದಿ ಪಕ್ಷದ ಗುರುತು ಸೈಕಲ್, ಆಂಧ್ರದ ತೆಲುಗು ದೇಶಂ ಗುರುತೂ ಸೈಕಲ್ಲೇ. 2017ರ ಜನವರಿಯಲ್ಲಿ ಅಪ್ಪ ಮುಲಾಯಂ ಸಿಂಗ್ ಮತ್ತು ಮಗ ಅಖಿಲೇಶ್ ಯಾದವ್ ಸೈಕಲ್ ತನಗೇ ಸೇರಬೇಕು ಅಂತ ಚುನಾವಣಾ ಆಯೋಗದ ಬಾಗಿಲು ತಟ್ಟಿದ್ದರು. ಸೈಕಲ್ ಮಗನ ಪಾಲಾಯಿತು. ಮನೆಯಲ್ಲಿ ಒಂದೇ ಸೈಕಲ್ ಇದ್ದವರಿಗೆ ಈ ಜಗಳ ಹೊಸದೇನಲ್ಲ ಬಿಡಿ.

ಪೆಟ್ರೋಲ್ ದರ ಏರಿದಾಗ ವಿರೋಧ ಪಕ್ಷದವರು ಸೈಕಲ್ ಏರುವುದೂ ನಮ್ಮಲ್ಲಿ ಮಾಮೂಲು. 2020ರ ಜೂನ್‌ನಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಬೆಂಗಳೂರಿನಲ್ಲಿ ಸೈಕಲ್ ತುಳಿದರು. 2021ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮತ್ತಿತರರು ಸಂಸತ್ತಿಗೆ ಸೈಕಲ್‌ನಲ್ಲಿ ಹೋದರು. ನನ್ನ ಗೆಳೆಯನ ತಲೆಯಲ್ಲಿ ಇದ್ದದ್ದು ಈ ಚಿತ್ರ. ಅದರಲ್ಲಿ ಸೈಕಲ್ ಬರೀ ಒಂದು ಫಲಕ. ಕೈಯಲ್ಲಿ ಹಿಡಿಯೋ ಬದಲು ಕೆಳಗೆ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ರಾಜಕೀಯಕ್ಕೆ ಇನ್ನೊಂದು ಅರ್ಥ ಇದೆ. ಅದು ಇದಕ್ಕಿಂತ ಹಳೆಯದು, ದಿನದ ಬದುಕಿಗೆ ಹತ್ತಿರವಾದದ್ದು. ಎಲ್ಲರಿಗೂ ಸೇರಿದ ಒಂದು ವಸ್ತುವನ್ನು ಯಾರಿಗೆ ಎಷ್ಟು ಹಂಚಬೇಕು, ಅದನ್ನು ಯಾರು ತೀರ್ಮಾನ ಮಾಡಬೇಕು ಅನ್ನೋದು.

ಬೀದಿ ನಲ್ಲಿ ನೆನಪಿಸಿಕೊಳ್ಳಿ. ದಿನಕ್ಕೆ ಒಂದು ಗಂಟೆ ನೀರು ಬರುತ್ತೆ. ಬೀದಿಯವರೆಲ್ಲ ಕೊಡ ಇಟ್ಟು ಸಾಲಿನಲ್ಲಿ ನಿಂತಿದ್ದಾರೆ. ಒಬ್ಬರು ಇನ್ನೂರು ಲೀಟರಿನ ಡ್ರಮ್ ಉರುಳಿಸಿಕೊಂಡು ಬಂದು ಸಾಲಿಗೆ ಸೇರುತ್ತಾರೆ. ನೀರು ಕುಡಿಯೋದು ರಾಜಕೀಯ ಅಲ್ಲ. ಕೊಡ ಹೊರೋದೂ ಅಲ್ಲ. ಆದರೆ ‘ಒಂದು ಸರದಿಗೆ ಒಂದು ಪಾತ್ರೆ’ ಅಂತ ನಿಯಮ ಮಾಡಿದರೆ ಡ್ರಮ್ಮಿನವರಿಗೆ ಲಾಭ, ‘ಒಂದು ಮನೆಗೆ ನಾಲ್ಕು ಕೊಡ’ ಅಂದರೆ ಕೊಡದವರಿಗೆ ಲಾಭ. ನಿಯಮವೇ ಇಲ್ಲದಿದ್ದರೆ ಗಟ್ಟಿ ತೋಳಿನವರಿಗೆ ಲಾಭ. ಇಲ್ಲಿ ನಡೀತಿರೋದು ರಾಜಕೀಯ, ಪಕ್ಷದ ಹೆಸರು ಎಲ್ಲೂ ಬರದಿದ್ದರೂ.

ರಸ್ತೆಯೂ ಅಂಥದ್ದೇ ಒಂದು ನಲ್ಲಿ.

ಮಜಾ ಎಲ್ಲಿಂದ ಬರುತ್ತೆ?

ರಸ್ತೆ ಆಮೇಲೆ. ಮಜಾ ಅನ್ನೋದನ್ನ ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ, ಅದಕ್ಕೂ ಕಾರಣ ಇದೆ.

ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ಸ್ವಲ್ಪ ಎತ್ತಿ ಇಳಿಸುತ್ತೇವೆ. ಕಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದಿಷ್ಟು ಶಕ್ತಿ ವ್ಯರ್ಥವಾಗುತ್ತೆ. ಸೈಕಲ್ ಮೇಲೆ ಕೂತರೆ ಮೈಭಾರ ಸೀಟಿಗೆ ಹೋಯಿತು. ಕಾಲಿಗೆ ಉಳಿಯೋದು ಚಕ್ರ ತಿರುಗಿಸೋ ಕೆಲಸ ಮಾತ್ರ. ಚಕ್ರ ಉರುಳುತ್ತೆ, ಬಾಲ್ ಬೇರಿಂಗ್ ಇರೋದರಿಂದ ತಿಕ್ಕಾಟ ಕಮ್ಮಿ, ಗಾಳಿ ತುಂಬಿದ ಟೈರ್ ಸಣ್ಣಪುಟ್ಟ ಹಳ್ಳವನ್ನು ನುಂಗಿಕೊಳ್ಳುತ್ತೆ. ಹೀಗಾಗಿ ಸಮತಟ್ಟು ರಸ್ತೆಯಲ್ಲಿ ನಡೆದಷ್ಟೇ ದಣಿವಿಗೆ ಮೂರು ನಾಲ್ಕು ಪಟ್ಟು ದೂರ ಹೋಗಬಹುದು. ನಿಮ್ಮದೇ ಕಾಲು, ನಿಮ್ಮದೇ ಉಸಿರು, ಆದರೆ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗಿರುತ್ತೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ವಾನ್ ಡ್ರೈಸ್ ಅನ್ನುವವನು 1817ರಲ್ಲಿ ಓಡಿಸಿದ ಮರದ ಗಾಡಿಗೆ ಪೆಡಲ್ಲೇ ಇರಲಿಲ್ಲ, ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ ಇರುವ, ಹಿಂದಿನ ಚಕ್ರಕ್ಕೆ ಚೈನ್ ಇರುವ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ಟೈರ್ ಬಂತು. ನಮ್ಮ ತಾತಂದಿರ ಕಪ್ಪು ಅಟ್ಲಾಸ್, ಹರ್ಕ್ಯುಲಿಸ್ ಎಲ್ಲ ಅದೇ ನಕ್ಷೆಯ ಮೊಮ್ಮಕ್ಕಳು.

ಲೆಕ್ಕಕ್ಕೆ ಸಿಗದ ಮಜಾ ಇನ್ನೊಂದಿದೆ. ಸೈಕಲ್ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ತಂದು, ಸೀಟಿಗೆ ಕಾಲು ಎಟುಕದೆ, ಬಾರಿನ ಕೆಳಗೆ ಒಂದು ಕಾಲು ತೂರಿಸಿ ಒಳಪೆಡಲ್ ತುಳಿದವರಿಗೆ ಗೊತ್ತು. ಹಿಂದೆ ಸೀಟು ಹಿಡಿದುಕೊಂಡು ಓಡಿ ಬರ್ತಿದ್ದ ಅಣ್ಣ ಯಾವಾಗಲೋ ಕೈ ಬಿಟ್ಟಿದ್ದಾನೆ, ನಾವು ಮಾತ್ರ ‘ಬಿಡಬೇಡ ಕಣೋ, ಬಿಡಬೇಡ’ ಅಂತ ಕೂಗ್ತಾ ಹೋಗ್ತಾ ಇದ್ದೇವೆ. ಮೊಣಕಾಲಿನ ಗಾಯದ ಗುರುತು ನನಗೆ ಇನ್ನೂ ಇದೆ. ಆ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಪಕ್ಕದ ಬಡಾವಣೆಗೆ ಹೋಗಿ ಬರಬಹುದು ಅನ್ನೋದೇ ದೊಡ್ಡ ಸಂಗತಿ. ಈ ‘ಯಾರನ್ನೂ ಕೇಳದೆ’ ಅನ್ನೋದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರಸ್ತೆಯ ಅಳತೆ ಹಿಡಿದರೆ

ಕಾರಿನ ಒಂದು ಪಥ ಸುಮಾರು ಮೂರರಿಂದ ಮೂರೂವರೆ ಮೀಟರ್ ಅಗಲ. ಒಂದು ಸೈಕಲ್ ಆರಾಮಾಗಿ ಹೋಗಲು ಒಂದರಿಂದ ಒಂದೂವರೆ ಮೀಟರ್ ಸಾಕು. ಒಂದು ಕಾರ್ ನಿಲ್ಲಿಸಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅಷ್ಟೇ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಕಾರಿನಲ್ಲಿ ಹೆಚ್ಚಿನ ದಿನ ಇರೋದು ಒಬ್ಬರು, ಒಂದು ಲ್ಯಾಪ್‌ಟಾಪ್ ಬ್ಯಾಗ್. ಅದೇ ಡ್ರಮ್ಮು ಮತ್ತು ಕೊಡದ ಲೆಕ್ಕ.

ಕಾರಿನವರು ತಪ್ಪು ಮಾಡುತ್ತಿದ್ದಾರೆ ಅಂತ ಇದರ ಅರ್ಥ ಅಲ್ಲ. ವಯಸ್ಸಾದ ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವವರು ಏನು ಮಾಡಬೇಕು? ಮಳೆ ಬಂದರೆ? ನನ್ನ ಮನೆಯಲ್ಲೂ ಕಾರಿದೆ. ಮಾತು ಇರುವುದು ಜಾಗ ಹಂಚುವ ನಿಯಮದ ಬಗ್ಗೆ. 2011ರ ಜನಗಣತಿಯ ಪ್ರಕಾರ ದೇಶದ ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಸ್ಕೂಟರ್, ಬೈಕ್ ಇದ್ದದ್ದು 21 ಮನೆಗಳಲ್ಲಿ. ಕಾರಿದ್ದ ಮನೆ ಐದಕ್ಕಿಂತ ಕಮ್ಮಿ. ಆದರೂ ರಸ್ತೆಯ ನಕ್ಷೆ ಬರೆಯುವಾಗ ಮೊದಲು ಎಳೆಯುವ ಗೆರೆ ಕಾರಿನದು. ಮೇಲ್ಸೇತುವೆ ಇಳಿದು ಮುಗಿಯುವ ಕಡೆ ಸೈಕಲ್ ಎಲ್ಲಿ ಹೋಗಬೇಕು ಅಂತ ಯಾರೂ ಬರೆದಿರುವುದಿಲ್ಲ. ನೀವೇ ಒಂದು ಸಲ ತುಳಿದುಕೊಂಡು ಹೋಗಿ ನೋಡಿ. ಎಡಗಡೆ ಬಸ್ಸು ಒಳಗೆ ನುಗ್ಗುತ್ತೆ, ಬಲಗಡೆ ಸೇತುವೆಯಿಂದ ಇಳಿದವರು ಅರವತ್ತರ ವೇಗದಲ್ಲಿ ಬರುತ್ತಾರೆ, ನಡುವೆ ನೀವು.

ವೇಗದ ಲೆಕ್ಕವೂ ಸ್ವಲ್ಪ ತಿಳಿದಿರಲಿ. ಗಾಡಿಯ ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಬಂದ ಕಾರು ತಾಗಿದರೆ ಬದುಕುವ ಸಾಧ್ಯತೆ ಜಾಸ್ತಿ, 60ರಲ್ಲಿ ಬಂದದ್ದು ತಾಗಿದರೆ ತುಂಬಾ ಕಮ್ಮಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅವರಲ್ಲಿ 4,000ಕ್ಕೂ ಹೆಚ್ಚು ಜನ ಸೈಕಲ್‌ನಲ್ಲಿದ್ದವರು. ಹಾಗಾಗಿ ಒಂದು ರಸ್ತೆಯಲ್ಲಿ ವೇಗದ ಮಿತಿ ಎಷ್ಟಿರಬೇಕು ಅನ್ನೋದು ಎಂಜಿನಿಯರ್ ಒಬ್ಬರ ತೀರ್ಮಾನದ ಹಾಗೆ ಕಂಡರೂ, ಯಾರ ಸಮಯಕ್ಕೆ ಯಾರ ಜೀವ ಅಡವಿಡುತ್ತೇವೆ ಅನ್ನೋ ಪ್ರಶ್ನೆ ಅದರೊಳಗೆ ಕೂತಿದೆ.

ತೆರಿಗೆಯಲ್ಲೂ ಇದೇ ಕಾಣುತ್ತೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸೈಕಲ್‌ಗೆ 12%. 2019ರ ಆಗಸ್ಟ್‌ನಿಂದ ವಿದ್ಯುತ್ ಕಾರಿಗೆ 5%. ಪರಿಸರದ ಹೆಸರಿನಲ್ಲಿ ಕೊಟ್ಟ ರಿಯಾಯಿತಿ ಅದು. ಅಂದರೆ ಸುಮಾರು ಆರು ವರ್ಷ, ಹದಿನೈದು ಲಕ್ಷದ ಬ್ಯಾಟರಿ ಕಾರಿಗಿಂತ ಹಾಲು ಹಾಕುವ ಹುಡುಗನ ಸೈಕಲ್‌ಗೆ ತೆರಿಗೆ ದರ ಜಾಸ್ತಿ ಇತ್ತು. ಪೆಡಲ್ ತುಳಿದರೆ ಹೊಗೆ ಬರುತ್ತೆ ಅಂದುಕೊಂಡಿದ್ದರೋ ಏನೋ. 2025ರ ಸೆಪ್ಟೆಂಬರ್ 22ರಿಂದ ಸೈಕಲ್‌ಗೂ 5% ಆಗಿದೆ.

ಹೆಣ್ಣುಮಕ್ಕಳು ಸೈಕಲ್ ಹತ್ತಿದಾಗ ಊರಿಗೆ ಕೋಪ ಬಂದದ್ದು ಯಾಕೆ?

ಈಗ ಆ ‘ಯಾರನ್ನೂ ಕೇಳದೆ’ಗೆ ಬರೋಣ.

1897ರ ಮೇ ತಿಂಗಳು, ಇಂಗ್ಲೆಂಡಿನ ಕೇಂಬ್ರಿಜ್. ಹೆಣ್ಣುಮಕ್ಕಳಿಗೂ ಪದವಿ ಕೊಡಬೇಕೇ ಅಂತ ವಿಶ್ವವಿದ್ಯಾಲಯದಲ್ಲಿ ಮತದಾನ. ಬೇಡ ಅನ್ನುತ್ತಿದ್ದ ಹುಡುಗರು ಬೀದಿಯಲ್ಲಿ ಸೇರಿ ಒಂದು ಬೊಂಬೆ ತೂಗುಹಾಕಿದರು. ಓದುವ ಹೆಣ್ಣನ್ನು ಅಣಕಿಸಬೇಕಾದರೆ ಕೈಗೆ ಪುಸ್ತಕ ಕೊಡಬಹುದಿತ್ತು, ಕನ್ನಡಕ ಹಾಕಬಹುದಿತ್ತು. ಅವರು ಆ ಬೊಂಬೆಯನ್ನು ಸೈಕಲ್ ಮೇಲೆ ಕೂರಿಸಿದ್ದರು. ಪದವಿಯ ಪ್ರಸ್ತಾಪ ಬಿದ್ದುಹೋಯಿತು. ಹುಡುಗರು ಖುಷಿಯಲ್ಲಿ ಬೊಂಬೆಯನ್ನು ಹರಿದು ಹಾಕಿದರು. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ತಿ ಪದವಿ ಕೊಟ್ಟಿದ್ದು 1948ರಲ್ಲಿ.

ಯಾಕೆ ಸೈಕಲ್? ಯಾಕೆಂದರೆ ಅದನ್ನು ಓಡಿಸೋಕೆ ಸಾರಥಿ ಬೇಡ, ಕುದುರೆ ಬೇಡ, ಜೊತೆಗೆ ಅಣ್ಣನೂ ಬೇಡ. ಹೆಣ್ಣು ಒಬ್ಬಳೇ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಅಮೆರಿಕದಲ್ಲಿ ಮತದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥೊನಿ 1896ರಲ್ಲಿ ಒಂದು ಪತ್ರಿಕೆಗೆ ಹೇಳಿದ್ದರು: ಹೆಂಗಸರ ಬಿಡುಗಡೆಗೆ ಜಗತ್ತಿನಲ್ಲಿ ಬೇರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸೈಕಲ್ ಅಂತ.

ನಮ್ಮ ಪಕ್ಕದಲ್ಲೇ ಇನ್ನೂ ಒಳ್ಳೆ ಉದಾಹರಣೆ ಇದೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆ, 1991-92. ‘ಅರಿವೊಳಿ ಇಯಕ್ಕಂ’ ಅನ್ನೋ ಸಾಕ್ಷರತಾ ಆಂದೋಲನ ನಡೀತಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಹಳ್ಳಿ ಹಳ್ಳಿಗೆ ಹೋಗಿ ಅಕ್ಷರ ಕಲಿಸೋ ಹೆಂಗಸರು ಹೋಗೋದು ಹೇಗೆ? ಬಸ್ಸಿಗೆ ಕಾಯುತ್ತಾ ಕೂತರೆ ದಿನವೇ ಹೋಯಿತು. ಹಾಗಾಗಿ ಅಕ್ಷರದ ಜೊತೆ ಸೈಕಲ್ ಕಲಿಸೋದೂ ಸೇರಿಕೊಂಡಿತು. ಕಲ್ಲು ಕ್ವಾರಿಯ ಕೂಲಿಯವರು, ಹೊಲದಲ್ಲಿ ದುಡಿಯುವವರು, ಅಂಗನವಾಡಿಯವರು, ಹೀಗೆ ಸಾವಿರಾರು ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಕೆಲವರು ಅದೇ ವಾಸಿ ಅಂದರು, ಮುಂದಿನ ಬಾರ್ ಮೇಲೆ ಮಗು ಕೂರಿಸಬಹುದಲ್ಲ! ಊರಿನ ಕೆಲವು ಗಂಡಸರು ಆಡಿಕೊಂಡರು, ಹೊಲಸು ಮಾತೂ ಆಡಿದರು. ಈ ಹೆಂಗಸರು ಮಾಡಿದ್ದಾದರೂ ಏನು? ನೀರು ತರೋದು, ಮಗುವನ್ನು ಶಾಲೆಗೆ ಬಿಡೋದು, ತರಕಾರಿಯನ್ನು ಸಂತೆಗೆ ಒಯ್ಯೋದು, ಅಷ್ಟೇ. ಮೊದಲಿನಿಂದ ಮಾಡುತ್ತಿದ್ದ ಕೆಲಸವನ್ನೇ ಗಂಡಸಿನ ಅನುಮತಿಗೂ ಬಸ್ಸಿನ ಟೈಮಿಗೂ ಕಾಯದೆ ಮಾಡಿದರು.

ಬಿಹಾರದ ಕತೆಯಲ್ಲಿ ಅಂಕಿಯೂ ಇದೆ. 2006ರಲ್ಲಿ ಒಂಬತ್ತನೇ ತರಗತಿಗೆ ಸೇರೋ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಸರ್ಕಾರ 2,000 ರೂಪಾಯಿ ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಇದನ್ನು ಪಕ್ಕದ ಜಾರ್ಖಂಡ್‌ಗೆ ಹೋಲಿಸಿ ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32% ಏರಿತ್ತು, ಹುಡುಗರು ಹುಡುಗಿಯರ ನಡುವಿನ ಅಂತರ 40% ಇಳಿದಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಪರಿಣಾಮ ಜಾಸ್ತಿ.

ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು. ಎಂಟನೇ ತರಗತಿಗೇ ಯಾಕೆ ಅಂದರೆ, ಏಳರವರೆಗೆ ಊರಲ್ಲೇ ಶಾಲೆ ಇರುತ್ತೆ, ಹೈಸ್ಕೂಲಿಗೆ ಹೋಬಳಿ ಊರಿಗೆ ಹೋಗಬೇಕು. ಎಷ್ಟೋ ಹುಡುಗಿಯರ ಓದು ಆ ನಾಲ್ಕೈದು ಕಿಲೋಮೀಟರಿನಲ್ಲೇ ನಿಂತುಹೋಗುತ್ತಿತ್ತು. ಸಾಲಾಗಿ ಐದಾರು ಹುಡುಗಿಯರು, ಎರಡು ಜಡೆ, ಒಂದೇ ಥರದ ಸೈಕಲ್, ಮಾತಾಡುತ್ತಾ ರಸ್ತೆ ತುಂಬಾ ಬರೋದನ್ನು ಹಳ್ಳಿ ಕಡೆ ನೀವೂ ನೋಡಿರುತ್ತೀರಿ. ಆ ಹುಡುಗಿಯರನ್ನು ನಿಲ್ಲಿಸಿ ‘ನೀವು ಮಾಡ್ತಿರೋದು ರಾಜಕೀಯ ಕ್ರಿಯೆ’ ಅಂದರೆ ನಗುತ್ತಾರೆ. ಅವರಿಗೆ ಅದು ಮಜಾನೇ. ಆದರೆ ಅವರಿಗೆ ಸೈಕಲ್ ಸಿಕ್ಕಿದ್ದು ಬಜೆಟ್ಟಿನಿಂದ. ಕೋವಿಡ್ ಬಂದಾಗ ಯೋಜನೆ ನಿಂತದ್ದೂ ಅಂಥದ್ದೇ ಒಂದು ತೀರ್ಮಾನದಿಂದ.

ನೆದರ್‌ಲ್ಯಾಂಡ್ಸ್ ಮೊದಲಿನಿಂದ ಹಾಗಿರಲಿಲ್ಲ

ಸೈಕಲ್ ಮಾತು ಬಂದರೆ ಯಾರಾದರೂ ನೆದರ್‌ಲ್ಯಾಂಡ್ಸ್ ಹೆಸರು ಹೇಳೇ ಹೇಳುತ್ತಾರೆ. ಸುಮಾರು 1.8 ಕೋಟಿ ಜನಕ್ಕೆ ಎರಡು ಕೋಟಿಗೂ ಹೆಚ್ಚು ಸೈಕಲ್. ಓಡಾಟದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೈಕಲ್‌ನಲ್ಲೇ. ‘ಅವರ ಸಂಸ್ಕೃತಿನೇ ಹಾಗೆ, ನೆಲ ಸಮತಟ್ಟು, ನಮ್ಮಲ್ಲಿ ಆಗಲ್ಲ’ ಅಂತ ಮಾತು ಮುಗಿಸುತ್ತೇವೆ. ನೆಲ ಸಮತಟ್ಟು ಅನ್ನೋದು ನಿಜ. ಮಿಕ್ಕಿದ್ದು ಅಷ್ಟು ಸಲೀಸಾಗಿ ಆದದ್ದಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕೈಯಲ್ಲಿ ದುಡ್ಡು ಬಂತು, ಕಾರು ಬಂತು. ಹಳೇ ಬೀದಿಗಳನ್ನು ಅಗಲ ಮಾಡಿದರು, ಚೌಕಗಳು ಕಾರ್ ಪಾರ್ಕಿಂಗ್ ಆದವು, ಸೈಕಲ್ ಬದಿಗೆ ಸರಿಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತನ್ನ ಮಗುವನ್ನು ಹಾಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಒಂದು ಲೇಖನ ಬರೆದರು. ಅದರಿಂದ ಹುಟ್ಟಿದ ಚಳವಳಿಯ ಹೆಸರು ‘ಸ್ಟಾಪ್ ಡೆ ಕಿಂಡರ್‌ಮೂರ್ಡ್’, ಅಂದರೆ ಮಕ್ಕಳ ಕೊಲೆ ನಿಲ್ಲಿಸಿ. ‘ಅಪಘಾತ’ ಅನ್ನಲಿಲ್ಲ, ‘ಕೊಲೆ’ ಅಂದರು. ಅಪ್ಪ ಅಮ್ಮಂದಿರು ರಸ್ತೆಗೆ ಅಡ್ಡ ನಿಂತರು. ಬೀದಿ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು, ರಸ್ತೆ ಮಧ್ಯೆ ಮೇಜು ಹಾಕಿ ಊಟ ಮಾಡಿದರು. 1973ರ ಕೊನೆಯಲ್ಲಿ ತೈಲದ ಬಿಕ್ಕಟ್ಟು ಬಂತು. ಭಾನುವಾರ ಕಾರು ಹೊರಗೆ ತೆಗೆಯಬಾರದು ಅಂತ ಸರ್ಕಾರವೇ ಹೇಳಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು, ಚಕ್ರದ ಬೂಟು ಹಾಕಿಕೊಂಡು ಓಡಾಡಿದರು. ಕಾರಿಲ್ಲದ ಬೀದಿ ಹೇಗಿರುತ್ತೆ ಅಂತ ಒಂದು ಸಲ ಕಣ್ಣಾರೆ ನೋಡಿದರು.

ಅದರ ಮುಂದಿನದು ನಿಧಾನದ ಕೆಲಸ. ಪ್ರತ್ಯೇಕ ಸೈಕಲ್ ದಾರಿಗಳು, ಮನೆಗಳಿರೋ ಬೀದಿಯಲ್ಲಿ ಕಾರು ನಡಿಗೆಯ ವೇಗದಲ್ಲಿ ಮಾತ್ರ ಹೋಗಬೇಕು ಅನ್ನೋ ನಿಯಮ, ಆಮೇಲೆ 30 ಕಿಲೋಮೀಟರ್ ಮಿತಿಯ ಬಡಾವಣೆಗಳು. ಹತ್ತಾರು ವರ್ಷ ಹಿಡಿಯಿತು.

ನನಗೆ ಇಲ್ಲಿ ಕುತೂಹಲ ಅನ್ನಿಸೋದು ಬೇರೆ. ಇಂದು ಆಮ್‌ಸ್ಟರ್‌ಡಾಮ್‌ನಲ್ಲಿ ಸೂಟು ಹಾಕಿ ಸೈಕಲ್ ತುಳಿಯುವವರನ್ನು ಯಾರೂ ತಿರುಗಿ ನೋಡೋದಿಲ್ಲ. ‘ನಾನು ಸೈಕ್ಲಿಸ್ಟ್’ ಅಂತ ಅವರೂ ಅಂದುಕೊಳ್ಳುವುದಿಲ್ಲ, ‘ನಾನು ಚಪ್ಪಲಿ ಹಾಕುವವನು’ ಅಂತ ನಾವು ಹೇಳಿಕೊಳ್ಳದ ಹಾಗೆ. ರಾಜಕೀಯ ಅಲ್ಲಿ ಐವತ್ತು ವರ್ಷದ ಹಿಂದೆ ಜೋರಾಗಿ ನಡೆದದ್ದರಿಂದಲೇ ಇಂದು ಅವರಿಗೆ ಸೈಕಲ್ ಸುಮ್ನೆ ಸೈಕಲ್ ಆಗಿದೆ. ಇಬ್ಬರ ಜಗಳದಲ್ಲಿ ‘ಸುಮ್ನೆ ತುಳೀರಿ’ ಅನ್ನುವವರಿಗೆ ಗೊತ್ತಿರದ ಸಂಗತಿ ಇದು. ಹಾಗೆಯೇ ‘ಇದು ರಾಜಕೀಯ’ ಅನ್ನುವವರಿಗೂ ಒಂದು ಮಾತು: ಅಲ್ಲಿನ ಅಪ್ಪ ಅಮ್ಮಂದಿರು ಕೇಳಿದ್ದು ಮಕ್ಕಳು ಬೀದಿಯಲ್ಲಿ ಆಡಲಿ ಅಂತ.

ಗುಂಪಾಗಿ ಹೋದರೆ ಮಾತ್ರ ಪ್ರತಿಭಟನೆಯಾ?

‘ಕ್ರಿಟಿಕಲ್ ಮಾಸ್’ ಅನ್ನೋ ಪದ ಅಲ್ಲಲ್ಲಿ ಕೇಳಿರಬಹುದು. 1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಸವಾರಿ. ತಿಂಗಳ ಕೊನೆಯ ಶುಕ್ರವಾರ ಸಂಜೆ ಸೈಕಲ್‌ನವರೆಲ್ಲ ಗುಂಪು ಸೇರಿ ಊರು ಸುತ್ತೋದು. ನಾಯಕರಿಲ್ಲ, ಬೇಡಿಕೆ ಪಟ್ಟಿಯಿಲ್ಲ. ಹೆಸರಿನ ಹಿಂದೆ ಚೀನಾದ ಸಿಗ್ನಲ್ ಇಲ್ಲದ ಕೂಡುರಸ್ತೆಗಳ ಚಿತ್ರ ಇದೆ. ಆಗ ಅಲ್ಲಿ ಸೈಕಲ್‌ನವರು ಒಬ್ಬೊಬ್ಬರೇ ದಾಟಲಾಗದೆ ಕಾಯುತ್ತಿದ್ದರು, ಸಾಕಷ್ಟು ಜನ ಸೇರಿದ ಮೇಲೆ ಒಟ್ಟಿಗೆ ನುಗ್ಗುತ್ತಿದ್ದರು. ಮೆಜೆಸ್ಟಿಕ್ ಹತ್ತಿರ ರಸ್ತೆ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಜನ ಆಗೋವರೆಗೆ ನಿಲ್ಲೋದು, ಆಮೇಲೆ ಮುಂದಿನವರು ಕೈ ಎತ್ತೋದು, ಎಲ್ಲರೂ ಹೋಗೋದು.

ಆ ಸವಾರಿಯನ್ನು ಕೆಲವರು ಹಬ್ಬ ಅನ್ನುತ್ತಾರೆ, ಕೆಲವರು ಟ್ರಾಫಿಕ್ ಜಾಮ್ ಅನ್ನುತ್ತಾರೆ. ‘ನಾವು ಟ್ರಾಫಿಕ್ಕಿಗೆ ಅಡ್ಡಿಯಲ್ಲ, ನಾವೇ ಟ್ರಾಫಿಕ್’ ಅಂತ ಸವಾರರು ಹೇಳುವ ಮಾತಂತೂ ನನಗೆ ಇಷ್ಟ.

ನಮ್ಮಲ್ಲಿ ಏನಾಗಿದೆ?

ಹಳಬರಿಗೆ ನೆನಪಿರುತ್ತೆ, ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಸೈಕಲ್‌ಗೂ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಕತ್ತಲಾದ ಮೇಲೆ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಈಗ ಬಿಲ್ಲೆ ಇಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ, ಯಾಕೆಂದರೆ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನವೇ ಅಲ್ಲ. ಅದು ಅನುಕೂಲವೂ ಹೌದು, ತೊಂದರೆಯೂ ಹೌದು. ನೋಂದಣಿ ಇಲ್ಲ ಅಂದರೆ ಎಣಿಕೆ ಇಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ ಅಂತ ಓದುತ್ತೇವೆ. ಸೈಕಲ್ ಎಷ್ಟು ಅಂತ ಓದಿದ ನೆನಪಿದೆಯಾ?

ಕೇಂದ್ರ ಸರ್ಕಾರದ 2006ರ ನಗರ ಸಾರಿಗೆ ನೀತಿ, ಸಾಗಿಸಬೇಕಾದ್ದು ಜನರನ್ನು, ವಾಹನಗಳನ್ನಲ್ಲ ಅಂತ ಹೇಳಿತ್ತು. ಒಳ್ಳೆ ಮಾತು. ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಸ್ವಲ್ಪ ದಿನಕ್ಕೇ ಅದು ಕಾರು, ಸ್ಕೂಟರ್ ನಿಲ್ಲಿಸೋ ಜಾಗವಾಯಿತು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಂತು. 450 ಸೈಕಲ್, ಒಂದು ಕಡೆ ತಗೊಂಡು ಇನ್ನೊಂದು ಕಡೆ ಬಿಡಬಹುದು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್‌ಗೆ ದಾರಿ ಬಿಟ್ಟರು. ಮೆಟ್ರೊ ಕಾಮಗಾರಿ ಬಂದಾಗ ಮೊದಲು ಹೋದದ್ದು ಅದೇ. ಮೆಟ್ರೊ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಇಕ್ಕಟ್ಟಾದಾಗ ಮೊದಲು ಯಾರ ಪಾಲು ಕತ್ತರಿಸುತ್ತೇವೆ ಅನ್ನೋದನ್ನು ಗಮನಿಸಿ. ಮದುವೆ ಮನೆಯಲ್ಲಿ ಅನ್ನ ಕಮ್ಮಿ ಬಿದ್ದರೆ ಕೊನೆಯ ಪಂಕ್ತಿಯವರಿಗೆ ತಾನೇ ಗೊತ್ತಾಗೋದು?

ಕೋಲ್ಕತ್ತದಲ್ಲಿ ಇನ್ನೂ ನೇರವಾಗಿ ನಡೆಯಿತು. ಸೈಕಲ್‌ನಿಂದ ಟ್ರಾಫಿಕ್ ನಿಧಾನ ಆಗುತ್ತೆ ಅಂತ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಹೊಡೆತ ಬಿದ್ದದ್ದು ಹಾಲು, ಮೀನು, ಪೇಪರ್ ಹಾಕುವವರಿಗೆ. ಅವರು ಯಾರೂ ರಾಜಕೀಯ ಮಾಡಲು ಸೈಕಲ್ ಹತ್ತಿದವರಲ್ಲ. ನಿಷೇಧ ಬಂದ ಮಾರನೇ ದಿನ ಬೆಳಿಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಅದೇ ರಸ್ತೆಗೆ ಇಳಿದರೆ ಅದು ಕಾನೂನು ಮುರಿದ ಹಾಗೆ. ನಿನ್ನೆಯ ಕೆಲಸವನ್ನೇ ಇವತ್ತೂ ಮಾಡಿದ್ದಾರೆ, ಅದರ ಹೆಸರು ಮಾತ್ರ ಬದಲಾಗಿದೆ.

ಯಾರ ಸೈಕಲ್?

ಈ ಜಗಳದಲ್ಲಿ ಹೆಚ್ಚಾಗಿ ಮಾತಾಡುವವರು ನನ್ನಂಥವರು. ಮನೆಯಲ್ಲಿ ಬೇರೆ ಗಾಡಿ ಇದ್ದೂ ಸೈಕಲ್ ಆರಿಸಿಕೊಂಡವರು. ಭಾನುವಾರ ಬೆಳಿಗ್ಗೆ ಬಿಗಿ ಬಟ್ಟೆ ಹಾಕಿ ನಂದಿ ಬೆಟ್ಟದ ಕಡೆ ಹೋಗುವವರೂ ಇದೇ ಗುಂಪು. ಆದರೆ ಬೆಳಿಗ್ಗೆ ಐದೂವರೆಗೆ ರಸ್ತೆಗೆ ಬಂದು ನೋಡಿದರೆ ಬೇರೆಯವರೇ ಸಿಗುತ್ತಾರೆ. ಪೇಪರ್ ಹಾಕೋ ಹುಡುಗರು, ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡ ಗಾರೆ ಕೆಲಸದವರು, ಕ್ಯಾರಿಯರ್‌ಗೆ ಕತ್ತರಿ ಕಟ್ಟಿಕೊಂಡ ಮಾಲಿಗಳು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು. ಅವರಿಗೆ ಸೈಕಲ್ ಅಂದರೆ ಬಸ್ಸಿನ ದುಡ್ಡು ಉಳಿಯಿತು ಅಂತ. ನಾಳೆ ಕಂತಿನಲ್ಲಿ ಒಂದು ಮೊಪೆಡ್ ಸಿಕ್ಕರೆ ಸಂತೋಷವಾಗಿ ಸೈಕಲ್ ಬಿಡುತ್ತಾರೆ, ಬಿಟ್ಟರೆ ತಪ್ಪೂ ಅಲ್ಲ. ಆದರೆ ಸೈಕಲ್ ಪಥ ಬಂದರೆ ಹೆಚ್ಚು ಉಪಯೋಗ ಆಗೋದು ಅವರಿಗೇ. ಅದನ್ನು ಕೇಳೋಕೆ ಮೀಟಿಂಗಿಗೆ ಬರಲು ಮಾತ್ರ ಅವರಿಗೆ ಬಿಡುವಿಲ್ಲ.

ಕಳೆದ ವರ್ಷ ಒಂದು ಮಾಲ್‌ಗೆ ಸೈಕಲ್‌ನಲ್ಲಿ ಹೋಗಿದ್ದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಸೀಟಿ ಊದಿ ನಿಲ್ಲಿಸಿದರು. ‘ಸೈಕಲ್ ಒಳಗೆ ಬಿಡಲ್ಲ ಸಾರ್.’ ಯಾಕೆ ಅಂದೆ. ‘ಟಿಕೆಟ್ ಇಲ್ಲ ಅದಕ್ಕೆ.’ ಕಾರಿಗೆ ಒಂದು ಬಣ್ಣದ ಚೀಟಿ, ಬೈಕಿಗೆ ಇನ್ನೊಂದು. ಸೈಕಲ್‌ಗೆ ಚೀಟಿಯೇ ಅಚ್ಚಾಗಿಲ್ಲ. ದುಡ್ಡು ಕೊಡ್ತೀನಿ ಅಂದರೂ ತಗೊಳ್ಳೋ ಹಾಗಿಲ್ಲ, ಯಾಕೆಂದರೆ ಯಂತ್ರದಲ್ಲಿ ಆ ಗುಂಡಿಯೇ ಇಲ್ಲ. ಸ್ವಲ್ಪ ಹೊತ್ತು ವಾದ ಮಾಡಿದೆ. ಅವರ ಮುಖ ನೋಡಿ ಬೇಜಾರಾಗಿ ಬಿಟ್ಟೆ. ನಿಯಮ ಬರೆದವರು ಅವರಲ್ಲವಲ್ಲ. ಸೈಕಲ್ ತಳ್ಳಿಕೊಂಡು ವಾಪಸ್ ಹೊರಟಾಗ ಅವರೇ ಕರೆದರು. ‘ಹಿಂದಿನ ಗೇಟ್ ಕಡೆ ಬನ್ನಿ ಸಾರ್.’

ಹಿಂದೆ ಜನರೇಟರ್ ಪಕ್ಕದಲ್ಲಿ, ಒಣಗಲು ಹಾಕಿದ್ದ ಒರೆಸೋ ಬಟ್ಟೆಗಳ ಮಧ್ಯೆ, ಹದಿನೈದು ಇಪ್ಪತ್ತು ಸೈಕಲ್ ನಿಂತಿದ್ದವು. ಕಸ ಗುಡಿಸುವವರದು, ಅಡುಗೆ ಮನೆಯವರದು, ಸೆಕ್ಯುರಿಟಿಯವರದು. ಕೆಲವಕ್ಕೆ ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿತ್ತು, ಒಂದರ ಮುಂದೆ ನಿಂಬೆಹಣ್ಣು ತೂಗುತ್ತಿತ್ತು. ಅವರು ತಮ್ಮ ಸೈಕಲ್ಲನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ ನನ್ನದಕ್ಕೆ ಜಾಗ ಮಾಡಿದರು. ಆಮೇಲೆ ಬಗ್ಗಿ ನನ್ನ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

‘ಗಾಳಿ ಕಮ್ಮಿ ಇದೆ ಸಾರ್. ಹಿಂಗೆ ತುಳಿದ್ರೆ ಎಲ್ಲಿ ಮಜಾ ಬರುತ್ತೆ?’ ಅಂದರು. ಗೋಡೆಗೆ ಒರಗಿಸಿದ್ದ ಪಂಪು ತಂದು ಕೈಗೆ ಕೊಟ್ಟರು.